ಊಟ ಯಾವಾಗ, ಓಟ ಯಾವಾಗ?



ಹಳ್ಳಿಮೈಸೂರು, ಹೊಳೆನರಸೀಪುರ ಕಡೆಯ ನಿಮ್ಮಲ್ಲಿ ಕೆಲವರಿಗಾದರೂ ಪೊಲೀಸ್ ಕೆಲಸದ ಆಸೆಯಿದೆ. ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಮಹಿಳೆಯರು 400 ಮೀಟರನ್ನು 2 ನಿಮಿಷದೊಳಗೆ ಓಡಿ ಮುಗಿಸಬೇಕು. ಲಿಖಿತ ಪರೀಕ್ಷೆಗೆ ರಾತ್ರಿಯೆಲ್ಲ ಓದುವವರೂ ಓಟದ ದಿನ ಎಷ್ಟು ಹೊತ್ತಿಗೆ ತಿನ್ನಬೇಕೆಂದು ಯೋಚಿಸುವುದಿಲ್ಲ.

ಊಟವಾದ ಮೇಲೆ ಜೀರ್ಣಕ್ರಿಯೆಗಾಗಿ ಹೊಟ್ಟೆಯ ಕಡೆಗೆ ಹೆಚ್ಚು ರಕ್ತ ಹರಿಯುತ್ತದೆ. ಆಗಲೇ ಓಡಿದರೆ ಕಾಲುಗಳೂ ರಕ್ತ ಬೇಡುತ್ತವೆ. ಹೊಟ್ಟೆ ತೊಳಸುತ್ತದೆ, ಪಕ್ಕೆ ಹಿಡಿದುಕೊಳ್ಳುತ್ತದೆ. ಮುದ್ದೆ, ಸಾರು, ಅನ್ನ ಎಂದು ಹೊಟ್ಟೆ ತುಂಬ ಉಂಡಿದ್ದರೆ ಮೂರು ಗಂಟೆಯಾದರೂ ಬಿಡಿ. ಕೊಬ್ಬಿನ ಆಹಾರ ಇನ್ನೂ ನಿಧಾನ. ಬಿರಿಯಾನಿ ಉಂಡ ಮಧ್ಯಾಹ್ನ ಓಟದ ಮಾತೇ ಬೇಡ! ಒಂದು ಬಾಳೆಹಣ್ಣೋ ಎರಡು ಇಡ್ಲಿಯೋ ಆದರೆ ಒಂದು ಗಂಟೆ ಸಾಕು. ಆರೋಗ್ಯವಂತರು ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಅರ್ಧ ಗಂಟೆ ಓಡಿದರೂ ತೊಂದರೆಯಿಲ್ಲ. ರಾತ್ರಿಯ ಊಟದ ಶಕ್ತಿ ಸ್ನಾಯುಗಳಲ್ಲಿ ಉಳಿದಿರುತ್ತದೆ.

ರಂಜಾನಿನಲ್ಲಿ ಏನು ಮಾಡಬೇಕು? ನಮ್ಮ ಜಿಲ್ಲೆಯಲ್ಲಿ ಉಪವಾಸದ ಅವಧಿ ಸುಮಾರು 13-14 ಗಂಟೆ. ಓಡುವವರನ್ನು ಹಸಿವಿಗಿಂತ ನೀರಿನ ಕೊರತೆಯೇ ಹೆಚ್ಚು ಕಾಡುತ್ತದೆ. ಬಿಸಿಲಿನಲ್ಲಿ ಬೆವರಾಗಿ ಹೋದ ನೀರನ್ನು ಇಫ್ತಾರ್‌ವರೆಗೆ ತುಂಬಿಕೊಳ್ಳಲಾಗದು. ಹಗುರ ಅಭ್ಯಾಸವನ್ನು ಇಫ್ತಾರ್‌ಗೆ ಅರ್ಧ ಗಂಟೆ ಮುಂಚೆ ಮಾಡಿ, ಮುಗಿಸಿದೊಡನೆ ನೀರು ಕೈಗೆ ಸಿಗುತ್ತದೆ. ಜೋರಾಗಿ ಓಡಬೇಕಿದ್ದರೆ ಖರ್ಜೂರ, ನೀರು, ಸ್ವಲ್ಪ ಗಂಜಿ ಮಾತ್ರ ತೆಗೆದುಕೊಂಡು, ತರಾವೀಹ್ ಮುಗಿದ ಮೇಲೆ ಓಡಿ. ಸಮೋಸ, ಊಟ ಆಮೇಲಿರಲಿ. ರಾತ್ರಿ ಹೊರಗೆ ಓಡಲಾಗದ ಹೆಣ್ಣುಮಕ್ಕಳಿಗೆ ಮನೆಯಂಗಳದಲ್ಲಿ ಸ್ಕಿಪ್ಪಿಂಗ್ ಇದೆ. ಸಹರಿ ಬಿಟ್ಟು ಮಲಗುವುದು ಯುವಕರಲ್ಲಿ ಕಾಣುವ ಕೆಟ್ಟ ಚಾಳಿ. ಮಲಗುವವರೆಗೆ ಆಗಾಗ ನೀರು ಕುಡಿಯಿರಿ, ಸಹರಿಯಲ್ಲಿ ಒಮ್ಮೆಗೇ ಕುಡಿದ ನೀರು ಬೇಗ ಹೊರಗೆ ಹೋಗಿಬಿಡುತ್ತದೆ.

ನೈಜೀರಿಯಾ ಮೂಲದ ಹಕೀಮ್ ಒಲಾಜುವಾನ್ 1995ರ ಫೆಬ್ರವರಿಯಲ್ಲಿ ಉಪವಾಸವಿದ್ದುಕೊಂಡೇ ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಆಡಿ, ಆ ತಿಂಗಳ ಶ್ರೇಷ್ಠ ಆಟಗಾರ ಎನಿಸಿಕೊಂಡರು. ಆದರೆ ಅವರು ವರ್ಷಗಟ್ಟಲೆ ಪಳಗಿದವರು. ಅವರನ್ನು ನೋಡಿ ನಡುಮಧ್ಯಾಹ್ನ ಮೈದಾನಕ್ಕಿಳಿಯಬೇಡಿ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರು ರಂಜಾನಿಗೆ ಮೊದಲೇ ವೈದ್ಯರನ್ನು ಕಾಣಬೇಕು. ನಡಿಗೆಯ ವೇಳೆ ಕೈ ನಡುಗಿ, ತಣ್ಣನೆ ಬೆವರು ಬಂದರೆ ಅದು ಸಕ್ಕರೆ ಇಳಿದ ಲಕ್ಷಣ. ಅಲ್ಲೇ ಉಪವಾಸ ಬಿಟ್ಟು ಸಕ್ಕರೆ ತಿನ್ನಬೇಕು. ರೋಗಿಗಳಿಗೆ ನಮ್ಮ ಧರ್ಮದಲ್ಲಿ ವಿನಾಯಿತಿ ಇದೆ.

ಇನ್ನು ಪರೀಕ್ಷೆಯ ದಿನ. ಮೈದಾನದಲ್ಲಿ ನಿಮ್ಮ ಸರದಿ ತಡವಾಗಬಹುದು. ಬೆಳಿಗ್ಗೆ ಬೇಗ ಇಡ್ಲಿ ತಿಂದು ಹೊರಡಿ, ಚೀಲದಲ್ಲಿ ಎರಡು ಬಾಳೆಹಣ್ಣು ಮತ್ತು ನೀರಿನ ಬಾಟಲಿ ಇರಲಿ. ಹೊಸ ತಿಂಡಿಯ ಪ್ರಯೋಗ ಅಂದು ಬೇಡ. ಅಭ್ಯಾಸದ ದಿನಗಳಲ್ಲಿ ಯಾವುದು ಹೊಟ್ಟೆಗೆ ಒಗ್ಗಿತ್ತೋ ಅದನ್ನೇ ತಿನ್ನಿ.