ನಮ್ಮ ಮನೆಗಳ ಜೇಡಗಳು



ದಸರಾ ಸಮೀಪಿಸಿತೆಂದರೆ ಮೈಸೂರಿನ ಮನೆಮನೆಯಲ್ಲಿಯೂ ಉದ್ದನೆಯ ಗಳುವಿನ ತುದಿಗೆ ಪೊರಕೆ ಕಟ್ಟಿ ಇಲ್ಲಣ ತೆಗೆಯುವ ಕಾರ್ಯವು ಮೊದಲಾಗುತ್ತದೆ. ಮೂಲೆಮೂಲೆಯ ಬಲೆಯನ್ನು ಕಂಡು, ಈ ವರ್ಷ ಜೇಡಗಳ ಹಾವಳಿ ಮಿತಿಮೀರಿತೆಂದು ನಾವು ಗೊಣಗುವುದೂ ಉಂಟು. ಇದರ ಕಾರಣವನ್ನು ಈ ಹೊತ್ತು ಕೊಂಚ ವಿಚಾರಿಸೋಣ.

ಹೊರಗಿನ ಜೇಡಗಳು ಮಳೆಗೆ ಹೆದರಿ ಒಳಗೆ ನುಗ್ಗುತ್ತವೆಂಬುದು ಸಾಮಾನ್ಯವಾದ ನಂಬಿಕೆ. ಅದು ಬಹುಮಟ್ಟಿಗೆ ಸರಿಯಲ್ಲ. ಕುಕ್ಕರಹಳ್ಳಿ ಕೆರೆಯ ಪೊದೆಗಳಲ್ಲಿ ಚಕ್ರಾಕಾರದ ಬಲೆಯನ್ನು ನೇಯುವ ಜೇಡವನ್ನು ತಂದು ನಡುಮನೆಯಲ್ಲಿ ಬಿಟ್ಟರೆ ಅದು ಬಾಳಲಾರದು. ಜೇಡದ ದೃಷ್ಟಿಯಿಂದ ಮನೆಯೆಂಬುದು ಒಂದು ಒಣಗಿದ ಗುಹೆ. ಅಲ್ಪಾಹಾರದಿಂದ, ಅಲ್ಪ ತೇವದಿಂದ ಕಾಲ ಕಳೆಯಬಲ್ಲ ಕೆಲವು ಜಾತಿಗಳಿಗೆ ಮಾತ್ರ ಅಲ್ಲಿ ಸುಭಿಕ್ಷ.

ಅವುಗಳಲ್ಲಿ ಮುಖ್ಯವಾದುದು, ನೂಲಿನಂಥ ಕಾಲುಗಳುಳ್ಳ, ಮುಟ್ಟಿದೊಡನೆ ಕಣ್ಣಿಗೆ ಮಬ್ಬಾಗುವಂತೆ ಮೈಯನ್ನು ಅಲುಗಿಸುವ ಜೇಡ. ಶಾಸ್ತ್ರಜ್ಞರು ಇದನ್ನು ಕ್ರೊಸ್ಸೋಪ್ರೈಝಾ ಲಯೋನಿ ಎನ್ನುತ್ತಾರೆ. ಬ್ಲ್ಯಾಕ್‌ವಾಲ್ ಎಂಬ ಆಂಗ್ಲ ವಿದ್ವಾಂಸನು 1867ರಲ್ಲಿ ಇದನ್ನು ವರ್ಣಿಸಿದನು. ತಾಯಿಯು ಮೊಟ್ಟೆಗಳ ಗಂಟನ್ನು ಬಾಯಲ್ಲಿಯೇ ಕಚ್ಚಿಕೊಂಡಿರುತ್ತಾಳೆ. ಮರಿಗಳು ಬಹುದೂರ ಹೋಗದೆ ಅಲ್ಲಲ್ಲಿಯೇ ಬಿಡಾರ ಹೂಡುವುದರಿಂದ ಒಂದು ಮೂಲೆಯು ಬೇಗನೆ ಅಗ್ರಹಾರವಾಗಿಬಿಡುತ್ತದೆ. ಬಿಟ್ಟುಹೋದ ಬಲೆಯೂ ಧೂಳು ಹಿಡಿದು ಜೋಲುತ್ತಿರುತ್ತದೆ. ಆದುದರಿಂದ ಬಲೆಗಳ ಲೆಕ್ಕವು ಜೇಡಗಳ ಲೆಕ್ಕವಲ್ಲ. (ಜೇಡನೆಂದರೆ ನೇಕಾರನೂ ಅಹುದು, ವಚನಕಾರ ಜೇಡರ ದಾಸಿಮಯ್ಯನ ಹೆಸರು ಆ ಕಸುಬಿನಿಂದಲೇ ಬಂದುದು.)

ಕಟ್ಟಡ ಬದಲಾದಂತೆ ಒಕ್ಕಲೂ ಬದಲಾಗುತ್ತದೆ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ನಮ್ಮ ಕಡೆಯ ಅನೇಕ ಮನೆಗಳು ಆ ಹೆಂಚಿನಿಂದ ಹೊದಿಸಲ್ಪಟ್ಟವು. ಹೆಂಚಿನ ಸಂದುಗಳಲ್ಲಿ ಚಪ್ಪಟೆ ಮೈಯ ದೊಡ್ಡ ಬೇಟೆಜೇಡವು, ಹೆಟೆರೊಪೋಡ ವೆನಟೋರಿಯವು, ಹಗಲು ಅಡಗಿದ್ದು ರಾತ್ರಿ ಜಿರಲೆಗಳನ್ನು ಹಿಡಿಯುತ್ತದೆ. ಕಾಂಕ್ರೀಟಿನ ಚಾವಣಿಯಲ್ಲಿ ಅದಕ್ಕೆ ಅಂಥ ಸಂದುಗಳಿಲ್ಲ. ಪೊರಕೆಗೆ ಎಟುಕದ ಎತ್ತರದ ಮೂಲೆಗಳಾದರೋ ನೀಳಗಾಲಿನ ಜೇಡಕ್ಕೆ ಹೇಳಿಮಾಡಿಸಿದಂತಿವೆ. ಇದರೊಡನೆ ವಿದ್ಯುದ್ದೀಪ ಸೇರುತ್ತದೆ. ಮೇ ತಿಂಗಳ ಮಳೆಯಲ್ಲಿ ಹೊರಡುವ ಈಸುಳ್ಳಿಗಳೂ ಅಕ್ಟೋಬರಿನ ಮಳೆಯ ಹುಳುಗಳೂ ದೀಪಕ್ಕೆ ಮುತ್ತಿದಾಗ ಬಲೆಯವನಿಗೆ ಹಬ್ಬ. ದಸರಾ ವೇಳೆಗೆ ಕಾಣುವ ಸಂತತಿಯು ಆ ಊಟದ ಫಲ.

ಹಾವಳಿಯೆಂದು ಕೀಟನಾಶಕವನ್ನು ಸಿಂಪಡಿಸುವವರಿಗೆ ಒಂದು ಮಾತು. ಈ ನೀಳಗಾಲಿನ ಜೇಡವು ಡೆಂಗೀ ಜ್ವರವನ್ನು ಹರಡುವ ಸೊಳ್ಳೆಯನ್ನು ಹಿಡಿದು ತಿನ್ನುವುದೆಂದು ಥಾಯ್ಲೆಂಡಿನ ಮನೆಗಳಲ್ಲಿ ನಡೆದ ಪರಿಶೀಲನೆಯಿಂದ ಕಂಡುಬಂದು, ಆ ವಿವರವು 1997ರಲ್ಲಿ ಪ್ರಕಟವಾಯಿತು. ಔಷಧಿಯು ಸೊಳ್ಳೆಯನ್ನೂ ಜೇಡವನ್ನೂ ಒಟ್ಟಿಗೆ ಕೊಲ್ಲುತ್ತದೆ; ಆದರೆ ತೊಟ್ಟಿಯ ನೀರಿನಲ್ಲಿ ಮೊಟ್ಟೆಯೊಡೆದ ಸೊಳ್ಳೆಯು ಸುಮಾರು ಹತ್ತು ದಿನಗಳಲ್ಲಿ ರೆಕ್ಕೆ ಬಿಚ್ಚಿ ಹಾರುತ್ತದೆ, ಜೇಡದ ಮರಿ ಪ್ರಾಯಕ್ಕೆ ಬರಲು ತಿಂಗಳುಗಳೇ ಬೇಕು. ನಡುವಿನ ಆ ಕಾಲದಲ್ಲಿ ಮನೆಯು ಸೊಳ್ಳೆಯದಾಗುತ್ತದೆ. ನೀಳಗಾಲಿನ ಜೇಡದಿಂದ ಮನುಷ್ಯರಿಗೆ ಅಪಾಯವಿಲ್ಲ. ಆದುದರಿಂದ ದೇವರ ಮನೆಯನ್ನೂ ಹಜಾರವನ್ನೂ ಧಾರಾಳವಾಗಿ ಗುಡಿಸೋಣ; ನೀರಿನ ತೊಟ್ಟಿಯಿರುವ ಬಚ್ಚಲಿನ ಮೇಲಣ ಮೂಲೆಯೊಂದನ್ನು ಈ ನೇಕಾರನಿಗೆ ಬಿಟ್ಟುಕೊಟ್ಟು, ತೊಟ್ಟಿಯನ್ನು ಮಾತ್ರ ವಾರಕ್ಕೊಮ್ಮೆ ಬರಿದುಮಾಡಿ ಉಜ್ಜೋಣ.