ಥೇಮ್ಸ್ ದಂಡೆಯ ಪುಟ್ಟ ಹಡಗುಗಳು

(ಸುವರ್ಣ ಮಹೋತ್ಸವದ ಎರಡನೆಯ ದಿನ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ನಮ್ಮೂರ ಹುಡುಗ ಕಂಡ ಇಂಗ್ಲೆಂಡು’ ಎಂದು. ಹುಡುಗ ಎಂದು ಕರೆದದ್ದಕ್ಕೆ ಕೃತಜ್ಞತೆಗಳು. ನನ್ನ ತಲೆ ನೋಡಿದ ಯಾರೂ ಈಗ ಹಾಗೆ ಕರೆಯುವುದಿಲ್ಲ. ಇಡೀ ಇಂಗ್ಲೆಂಡನ್ನು ಅರ್ಧ ಗಂಟೆಯಲ್ಲಿ ಹೇಳುವುದು ನನ್ನ ಕೈಲಾಗದ ಕೆಲಸ. ಥೇಮ್ಸ್ ನದಿಯ ದಂಡೆಯ ಊರೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಇದ್ದೇನೆ. ಅಲ್ಲಿ ದಿನಾ ಕಣ್ಣಿಗೆ ಬೀಳುವ ಒಂದೇ ಸಂಗತಿ ಹೇಳುತ್ತೇನೆ. ಅದು ದೋಣಿಗಳ ವಿಷಯ. ಯುದ್ಧದ ವಿಷಯವೂ ಹೌದು.

ನಾವು ಓದುವಾಗ ಎರಡನೇ ಮಹಾಯುದ್ಧ ಎಂದರೆ ಸಮಾಜ ಪಾಠದಲ್ಲಿ ಐದು ಕಾರಣ, ಐದು ಪರಿಣಾಮ. ಪರೀಕ್ಷೆಗೆ ಅಷ್ಟು ಸಾಕಿತ್ತು. ನಾನಿರುವ ಕಡೆ ಆ ಯುದ್ಧ ನದಿಯಲ್ಲಿ ತೇಲುತ್ತದೆ. ಭಾನುವಾರ ಬೆಳಿಗ್ಗೆ ದಂಡೆಯ ಮೇಲೆ ನಡೆಯುತ್ತಾ ಹೋದರೆ ಸಾಲಾಗಿ ಕಟ್ಟಿದ ವಿಹಾರದ ದೋಣಿಗಳು ಕಾಣುತ್ತವೆ. ಒಂದರಲ್ಲಿ ಯಾರೋ ಚಹಾ ಕುಡಿಯುತ್ತಾ ಪೇಪರ್ ಓದುತ್ತಿರುತ್ತಾರೆ, ಇನ್ನೊಂದರಲ್ಲಿ ನಾಯಿ ಮಲಗಿರುತ್ತದೆ. ಅವುಗಳ ನಡುವೆ ಒಂದು ಹಳೆಯ ಮರದ ದೋಣಿ. ಅದರ ಮೇಲೊಂದು ಹಿತ್ತಾಳೆಯ ಫಲಕ: ಡಂಕರ್ಕ್, 1940. ಅಷ್ಟೇ ಬರೆದಿರುತ್ತದೆ.

ಮಕ್ಕಳಿಗಾಗಿ ಆ ಕಥೆಯನ್ನು ಸ್ವಲ್ಪ ಹೇಳಬೇಕು. 1940ರ ಮೇ ತಿಂಗಳಲ್ಲಿ ಜರ್ಮನಿಯ ಸೈನ್ಯ ಫ್ರಾನ್ಸಿನೊಳಗೆ ನುಗ್ಗಿ, ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯಗಳನ್ನು ಸಮುದ್ರದ ಅಂಚಿಗೆ ಒತ್ತರಿಸಿತು. ಡಂಕರ್ಕ್ ಎಂಬುದು ಫ್ರಾನ್ಸಿನ ಉತ್ತರದ ತುದಿಯ ಬಂದರು. ಎದುರಿಗೆ ಸಮುದ್ರ, ಆಚೆ ದಡ ಇಂಗ್ಲೆಂಡು. ಮೇ 26ರಿಂದ ಜೂನ್ 4ರವರೆಗೆ ಅಲ್ಲಿಂದ ಹಡಗುಗಳಲ್ಲಿ 3,38,226 ಸೈನಿಕರನ್ನು ದಾಟಿಸಿದರು. ತೊಡಕೆಂದರೆ ಅಲ್ಲಿನ ಮರಳ ದಂಡೆ. ಬಹಳ ದೂರದವರೆಗೆ ನೀರು ಆಳವೇ ಇಲ್ಲ. ನಮ್ಮ ಹೊಳೆಯ ಮರಳಿನ ಕಡೆ ಇಳಿದ ಹಾಗೆ, ನಡೆದಷ್ಟೂ ಮೊಣಕಾಲು, ಸೊಂಟ, ಎದೆ. ದೊಡ್ಡ ಹಡಗುಗಳು ದಡದ ಹತ್ತಿರ ಬರಲಾರವು. ಸೈನಿಕರು ಎದೆಮಟ್ಟದ ನೀರಿನಲ್ಲಿ ಗಂಟೆಗಟ್ಟಲೆ ಸಾಲು ನಿಂತರು. ಅವರನ್ನು ದಡದಿಂದ ಹಡಗಿಗೆ ಮುಟ್ಟಿಸಲು ಸಣ್ಣ ದೋಣಿಗಳು ಬೇಕಾದವು.

ಮೂವತ್ತರ ದಶಕದಲ್ಲಿ ಥೇಮ್ಸ್ ನದಿಯಲ್ಲಿ ಮಧ್ಯಮ ವರ್ಗದವರ ಮೋಜಿನ ದೋಣಿಗಳು ಬಹಳ ಇದ್ದವು. ವೈದ್ಯರು, ಅಂಗಡಿಯವರು, ಬ್ಯಾಂಕಿನವರು ಶನಿವಾರ ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿದ್ದ ದೋಣಿಗಳು. 1940ರ ಮೇ 14ರಂದೇ ರೇಡಿಯೋದಲ್ಲಿ ಒಂದು ಪ್ರಕಟಣೆ ಬಂದಿತ್ತು: 30 ಅಡಿಯಿಂದ 100 ಅಡಿವರೆಗಿನ, ಎಂಜಿನ್ ಇರುವ ವಿಹಾರದ ದೋಣಿಯ ಮಾಲೀಕರೆಲ್ಲ 14 ದಿನದೊಳಗೆ ವಿವರ ಕಳಿಸಬೇಕು. ತಿಂಗಳ ಕೊನೆಗೆ ವಿವರ ಕೇಳುವಷ್ಟು ಹೊತ್ತೇ ಇರಲಿಲ್ಲ. ಟೆಡಿಂಗ್ಟನ್ ಎಂಬಲ್ಲಿ ಡಗ್ಲಸ್ ಟಫ್ ಎಂಬುವರ ದೋಣಿ ಕಟ್ಟುವ ಅಂಗಳವಿತ್ತು. ನೌಕಾಪಡೆಯ ಮಾತಿನಂತೆ ಅವರು ಮತ್ತು ಅವರ ಜನ ನದಿಯುದ್ದಕ್ಕೂ ಹೋಗಿ ನೂರಕ್ಕೂ ಹೆಚ್ಚು ದೋಣಿಗಳನ್ನು ಒಟ್ಟುಮಾಡಿದರು. ಮೆತ್ತೆ, ತಟ್ಟೆ, ಲೋಟಗಳನ್ನು ಕೆಳಗಿಳಿಸಿ, ದೋಣಿಗಳನ್ನು ಹಗ್ಗ ಕಟ್ಟಿ ಎಳೆದುಕೊಂಡು ಸಮುದ್ರದ ಕಡೆ ಒಯ್ದರು. ಹೇಳದೆ ಕೇಳದೆ ದೋಣಿ ಹೋದದ್ದು ಕಂಡು ಕಳವಾಯಿತೆಂದು ಪೊಲೀಸರ ಬಳಿ ಓಡಿದ ಮಾಲೀಕರೂ ಇದ್ದರಂತೆ.

ಮಾಲೀಕರೇ ಹುಟ್ಟು ಹಿಡಿದು ಯುದ್ಧಕ್ಕೆ ಹೋದರು ಎನ್ನುವುದು ಕೇಳಲು ಚೆಂದದ ಕಥೆ. ನಿಜದಲ್ಲಿ ಬಹುಪಾಲು ದೋಣಿಗಳನ್ನು ನಡೆಸಿದವರು ನೌಕಾಪಡೆಯವರು. ತಾವೇ ಹೋದವರು ಕೆಲವರು. ಅವರಲ್ಲಿ ಹೆಸರಾದವರು ಚಾರ್ಲ್ಸ್ ಲೈಟಾಲರ್. ಟೈಟಾನಿಕ್ ಮುಳುಗಿದಾಗ ಬದುಕುಳಿದ ಅಧಿಕಾರಿಗಳಲ್ಲಿ ಅವರೇ ಹಿರಿಯರು. 1940ರಲ್ಲಿ ಅವರಿಗೆ 66 ವರ್ಷ. ತಮ್ಮ ‘ಸನ್‌ಡೌನರ್’ ದೋಣಿಯನ್ನು ಬೇರೆಯವರ ಕೈಗೆ ಕೊಡಲು ಒಪ್ಪಲಿಲ್ಲ. ಹಿರಿಯ ಮಗ ರಾಜರ್‌ನನ್ನೂ ಒಬ್ಬ ಸ್ಕೌಟ್ ಹುಡುಗನನ್ನೂ ಕರೆದುಕೊಂಡು ಜೂನ್ 1ರಂದು ಹೊರಟರು. ಅದುವರೆಗೆ 21ಕ್ಕಿಂತ ಹೆಚ್ಚು ಜನ ಹತ್ತಿರದ ದೋಣಿಯಲ್ಲಿ ಸುಮಾರು 130 ಸೈನಿಕರನ್ನು ತುಂಬಿಕೊಂಡು, ಮೇಲಿನಿಂದ ವಿಮಾನಗಳು ಗುಂಡು ಸುರಿಸುತ್ತಿರುವಾಗ ಓರೆಕೋರೆಯಾಗಿ ತಪ್ಪಿಸಿಕೊಂಡು ರ‍್ಯಾಮ್ಸ್‌ಗೇಟ್ ಬಂದರು ಮುಟ್ಟಿದರು. ಅವರ ಇನ್ನೊಬ್ಬ ಮಗ ಬ್ರಯನ್, ವಿಮಾನಪಡೆಯವನು, ಯುದ್ಧ ಶುರುವಾದ ಮೊದಮೊದಲ ದಿನಗಳಲ್ಲೇ ತೀರಿಕೊಂಡಿದ್ದ. ರಾಜರ್ 1945ರಲ್ಲಿ, ಯುದ್ಧ ಮುಗಿಯಲು ಇನ್ನೆರಡು ತಿಂಗಳಿರುವಾಗ ಸತ್ತ. ತಂದೆ ಆಮೇಲೆ ಥೇಮ್ಸ್ ದಂಡೆಯಲ್ಲಿ ದೋಣಿ ಕಟ್ಟುವ ಅಂಗಳ ನಡೆಸಿದರು, ನದಿ ಪೊಲೀಸರಿಗೆ ದೋಣಿ ಮಾಡಿಕೊಟ್ಟರು. ಇಬ್ಬರು ಮಕ್ಕಳನ್ನು ಕಳೆದುಕೊಂಡವರು ಬೆಳಿಗ್ಗೆ ಎದ್ದು ಹಲಗೆ ಅಳೆಯುವುದನ್ನು ನೆನೆಸಿಕೊಂಡರೆ, ನನಗೆ ಡಂಕರ್ಕಿಗೆ ಹೋಗಿಬಂದದ್ದಕ್ಕಿಂತ ಅದೇ ದೊಡ್ಡದಾಗಿ ಕಾಣುತ್ತದೆ.

ಯುದ್ಧ ಮುಗಿದ ಮೇಲೆ ಉಳಿದ ದೋಣಿಗಳು ಮತ್ತೆ ಮೋಜಿನ ದೋಣಿಗಳಾದವು. ಮಾರಾಟವಾದವು, ಹೆಸರು ಬದಲಾಯಿಸಿಕೊಂಡವು, ಕೆಲವು ಕೆಸರಿನಲ್ಲಿ ಕೊಳೆತವು. ರೇಮಂಡ್ ಬ್ಯಾಕ್ಸ್‌ಟರ್ ಎಂಬ ದೂರದರ್ಶನದ ನಿರೂಪಕರು ಕೊಂಡ ಹಳೆಯ ದೋಣಿಯೊಂದು ಡಂಕರ್ಕಿಗೆ ಹೋಗಿಬಂದದ್ದು ಎಂದು ಗೊತ್ತಾಯಿತು. ಅವರು ಪತ್ರಿಕೆಗೆ ಬರೆದು ಅಂಥ ದೋಣಿಗಳ ಮಾಲೀಕರನ್ನು ಕೂಗಿ ಕರೆದರು. 1965ರಲ್ಲಿ, 25 ವರ್ಷ ತುಂಬಿದಾಗ, 43 ದೋಣಿಗಳು ಮತ್ತೆ ಡಂಕರ್ಕಿಗೆ ಹೋದವು. ಅಲ್ಲಿಂದ ಡಂಕರ್ಕ್ ಪುಟ್ಟ ಹಡಗುಗಳ ಸಂಘ ಹುಟ್ಟಿತು. ಆ ಸಂಘಕ್ಕೆ ಸೇರಲು ಮುಖ್ಯವಾಗಿ ಅರ್ಹತೆ ಬೇಕಾದ್ದು ದೋಣಿಗೆ. 1940ರಲ್ಲಿ ಹೋಗಿದ್ದಕ್ಕೆ ಪುರಾವೆ ಇರಬೇಕು. ಬಿಳಿ ಬಟ್ಟೆಯ ಮೇಲೆ ಕೆಂಪು ಶಿಲುಬೆ, ನಡುವೆ ಡಂಕರ್ಕ್ ಊರಿನ ಲಾಂಛನ ಇರುವ ಅವರ ಬಾವುಟವನ್ನು ಬೇರೆ ದೋಣಿಯವರು ಹಾರಿಸುವಂತಿಲ್ಲ.

ಇಂಥ ಒಂದು ದೋಣಿಗೆ ನಾನು ಹನ್ನೊಂದು ವರ್ಷದಿಂದ ಕೈ ಆಸರೆಗೆ ಹೋಗುತ್ತೇನೆ. ಮಾಲೀಕರು ನಿವೃತ್ತ ಕೊಳಾಯಿ ಕೆಲಸಗಾರರು. ಹೆಸರು ಹೇಳಿದರೆ ಅವರಿಗೆ ಸರಿಹೋಗುವುದಿಲ್ಲ, ದೋಣಿಯ ಹೆಸರೂ ಬೇಡ. ಮರದ ದೋಣಿ ಎಂದರೆ ಏನು ಕೆಲಸ ಎಂದು ನಮ್ಮ ಊರಿನವರಿಗೆ ಬೇಗ ಅರ್ಥವಾದೀತು. ಅಕ್ಟೋಬರಿನಲ್ಲಿ ದೋಣಿಯನ್ನು ನೀರಿನಿಂದ ಮೇಲೆತ್ತುತ್ತಾರೆ. ಚಳಿಗೆ ನೀರು ಹೆಪ್ಪುಗಟ್ಟಿ ಎಂಜಿನ್ ಒಡೆಯದಂತೆ ಕೊಳವೆಗಳಲ್ಲಿನ ನೀರನ್ನೆಲ್ಲ ಬಸಿಯಬೇಕು. ಕೆಳಭಾಗದ ಪಾಚಿ ಕೆರೆಯಬೇಕು. ಹಲಗೆ ಹಲಗೆಗಳ ಸಂದಿಯಲ್ಲಿ ಹಳೆಯ ಹತ್ತಿ ಕೊಳೆತಿದ್ದರೆ ಕಿತ್ತು, ಹೊಸ ಹತ್ತಿಯ ಎಳೆಯನ್ನು ಉಳಿಯಂಥ ಕಬ್ಬಿಣದಿಂದ ಬಡಿದು ಬಡಿದು ತುಂಬಬೇಕು, ಅದರ ಮೇಲೆ ಲಪ್ಪ. ಹೆಚ್ಚು ಬಡಿದರೆ ಹಲಗೆ ಅಗಲುತ್ತದೆ, ಕಡಿಮೆಯಾದರೆ ನೀರು ಒಸರುತ್ತದೆ. ಆಮೇಲೆ ವಾರ್ನಿಷ್, ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ವಾರ್ನಿಷ್.

ವಸಂತದಲ್ಲಿ ನೀರಿಗಿಳಿಸಿದ ಮೊದಲ ದಿನ ದೋಣಿ ಸೋರಿಯೇ ಸೋರುತ್ತದೆ. ರಾತ್ರಿಯೆಲ್ಲ ಪಂಪು ನಡೆಯುತ್ತಿರಬೇಕು. ಹಲಗೆ ನೀರು ಕುಡಿದು ಉಬ್ಬಿ ಸಂದಿ ತಾನೇ ಮುಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಗಾಡಿಯ ಚಕ್ರ ಒಣಗಿ ಪಟ್ಟಾ ಸಡಿಲವಾದರೆ ನಮ್ಮಪ್ಪ ಅದನ್ನು ಕೆರೆಗೆ ಉರುಳಿಸಿ ನೆನೆಹಾಕುತ್ತಿದ್ದರಲ್ಲ, ಅದೇ ಲೆಕ್ಕ. ಇದನ್ನು ಅವರಿಗೆ ಹೇಳಿದಾಗ ಬಹಳ ಖುಷಿಪಟ್ಟರು. ಅಂದಿನಿಂದ ನನಗೆ ಪಂಪು ಕಾಯುವ ಕೆಲಸ ಖಾಯಂ ಆಯಿತು.

ಅಲ್ಲಿ ಯಾರೂ ಯುದ್ಧದ ಬಗ್ಗೆ ದೊಡ್ಡ ಮಾತಾಡುವುದಿಲ್ಲ. ಮಾತೆಲ್ಲ ವಾರ್ನಿಷಿನ ಬೆಲೆ, ಸತ್ತ ಬ್ಯಾಟರಿ, ನದಿಯ ಪರವಾನಗಿ ಶುಲ್ಕ, ಯಾರ ಮೊಣಕಾಲು ಯಾವಾಗ ಆಪರೇಷನ್ ಎಂಬುದು. ಒಂದು ಜಗಳ ಮಾತ್ರ ಪ್ರತಿ ವರ್ಷ ಬರುತ್ತದೆ. ಕೊಳೆತ ಹಲಗೆ ಬದಲಿಸುತ್ತಾ ಹೋದರೆ ಒಂದು ದಿನ ಹಳೆಯದೇನೂ ಉಳಿಯುವುದಿಲ್ಲ; ಆಗಲೂ ಇದು ಡಂಕರ್ಕಿಗೆ ಹೋದ ದೋಣಿಯೇ? ಹೌದು ಎನ್ನುವವರಿದ್ದಾರೆ, ಇಲ್ಲ ಎನ್ನುವವರಿದ್ದಾರೆ. ನಮ್ಮ ಮಾಲೀಕರು ತೆಗೆದ ಹಲಗೆಯ ತುಂಡುಗಳನ್ನು ಎಸೆಯದೆ ಮನೆಯ ಗ್ಯಾರೇಜಿನಲ್ಲಿ ಜೋಡಿಸಿದ್ದಾರೆ. ಅವರ ಮಡದಿ ಕಾರು ನಿಲ್ಲಿಸಲು ಜಾಗವಿಲ್ಲ ಎಂದು ಬೈಯುತ್ತಿರುತ್ತಾರೆ.

ನಮ್ಮ ಕೆರೆ ಏರಿಯ ಮೇಲೆ ವೀರಗಲ್ಲು ಇದೆ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಲಿಂಗ. ನಾವು ಅದಕ್ಕೆ ಎಮ್ಮೆ ಕಟ್ಟಿದೆವು, ಅದರ ಮೇಲೆ ಕೂತು ಹುಣಸೆಹಣ್ಣು ತಿಂದೆವು. ಅದು ಅಲ್ಲೇ ಇದೆ. ಕಲ್ಲನ್ನು ಯಾರೂ ನೋಡದಿದ್ದರೂ ಕಲ್ಲು ಇರುತ್ತದೆ. ಮರದ ದೋಣಿಯನ್ನು ನಾಲ್ಕು ವರ್ಷ ಬಿಟ್ಟುಬಿಡಿ, ಅದು ಸೌದೆಗೂ ಬರುವುದಿಲ್ಲ. ಆ ಜನ ತಮ್ಮ ನೆನಪನ್ನು ಇಂಥ ಸೋರುವ ವಸ್ತುವಿನಲ್ಲಿ ಇಟ್ಟಿದ್ದಾರೆ.

ಐದು ವರ್ಷಕ್ಕೊಮ್ಮೆ ದೋಣಿಗಳು ಸೇರಿ ಡಂಕರ್ಕಿಗೆ ಹೋಗುತ್ತವೆ. 2020ರಲ್ಲಿ ಕೊರೋನಾದಿಂದ ನಿಂತುಹೋಯಿತು. 2025ರ ಮೇ ತಿಂಗಳಲ್ಲಿ 60ಕ್ಕೂ ಹೆಚ್ಚು ದೋಣಿಗಳು ರ‍್ಯಾಮ್ಸ್‌ಗೇಟಿನಿಂದ ಹೊರಟವು. ಆ ಕಡಲ ದಾರಿ ಜಗತ್ತಿನಲ್ಲೇ ಬಹಳ ಹಡಗು ಓಡಾಡುವ ದಾರಿಗಳಲ್ಲಿ ಒಂದು. ಹೆದ್ದಾರಿಯನ್ನು ಎತ್ತಿನಗಾಡಿ ದಾಟುವಂತೆ, ನೇರ ಅಡ್ಡಲಾಗಿ, ಕಾವಲು ದೋಣಿಗಳ ನಡುವೆ ಗುಂಪಾಗಿ ದಾಟಬೇಕು. ಗಾಳಿ ಜೋರಾದರೆ ಹೊರಡುವಂತಿಲ್ಲ. ನದಿಯ ದೋಣಿಗಳು, ಅಲೆಗೆ ಕಟ್ಟಿದವಲ್ಲ. 1940ರ ಆ ದಿನಗಳಲ್ಲಿ ಸಮುದ್ರ ಬಹುಮಟ್ಟಿಗೆ ಶಾಂತವಾಗಿತ್ತು. ಇಲ್ಲವಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಬೇಸಿಗೆಯಲ್ಲಿ ಹೆನ್ಲಿ ಎಂಬಲ್ಲಿ ಹಳೆಯ ದೋಣಿಗಳ ಜಾತ್ರೆ ನಡೆಯುತ್ತದೆ. ಒಂದು ವರ್ಷ ಅಲ್ಲಿ ಶಾಲೆಯ ಹುಡುಗಿಯೊಬ್ಬಳು ನನ್ನ ಮುಖ ನೋಡಿ, ‘ನಿಮ್ಮ ದೇಶದವರೂ ಡಂಕರ್ಕಿನಲ್ಲಿದ್ದರಾ?’ ಎಂದು ಕೇಳಿದಳು. ಇದ್ದರು. 1939ರ ಡಿಸೆಂಬರಿನಲ್ಲಿ ಭಾರತದಿಂದ ಹೇಸರಗತ್ತೆಗಳ ಸಮೇತ ನಾಲ್ಕು ಸಾಗಣೆ ಕಂಪನಿಗಳು ಫ್ರಾನ್ಸಿಗೆ ಹೋಗಿ ಇಳಿದಿದ್ದವು. ಹೆಚ್ಚಿನವರು ಪಂಜಾಬಿನ ಮುಸ್ಲಿಮರು, ಹಳ್ಳಿಯ ರೈತಮಕ್ಕಳು. ಹಿಮ ಬಿದ್ದ ದಾರಿಯಲ್ಲಿ ಲಾರಿ ಹೋಗದ ಕಡೆ ಸಾಮಾನು ಹೊರಿಸುವ ಕೆಲಸ. ಮೂರು ಕಂಪನಿಯವರು ಇಂಗ್ಲೆಂಡು ಮುಟ್ಟಿದರು, ಅವರಲ್ಲಿ ನೂರಾರು ಜನ ಡಂಕರ್ಕಿನ ಮೂಲಕವೇ ಬಂದವರು. ಒಂದು ಕಂಪನಿ ಜರ್ಮನರ ಕೈಗೆ ಸೆರೆಸಿಕ್ಕಿತು. ಪ್ರಾಣಿಗಳನ್ನು ಅಲ್ಲೇ ಬಿಟ್ಟು ಬರಬೇಕಾಯಿತು. ದಿನಾ ಮೈ ತಿಕ್ಕಿ ಮೇವು ಹಾಕಿದ ಪ್ರಾಣಿಯ ಹಗ್ಗ ಬಿಚ್ಚಿ ಬಂದವನ ಮನಸ್ಸು ಹೇಗಿದ್ದೀತು ಎಂದು ಇಲ್ಲಿ ಕೂತ ನಿಮಗೆ ನಾನು ಹೇಳಬೇಕಾಗಿಲ್ಲ. ನನ್ನ ಇಂಗ್ಲಿಷ್ ಗೆಳೆಯರಿಗೆ ಅದನ್ನು ವಿವರಿಸಲು ಹೊತ್ತು ಹಿಡಿಯಿತು.

ಮರೆತವರ ಪಟ್ಟಿ ಇನ್ನೂ ಇದೆ. ದಾಟಿದವರಲ್ಲಿ 1 ಲಕ್ಷಕ್ಕೂ ಮೀರಿ ಫ್ರೆಂಚರಿದ್ದರು. ಕೊನೆಯವರೆಗೆ ತಡೆದು ನಿಂತ ಸಾವಿರಾರು ಫ್ರೆಂಚ್ ಸೈನಿಕರು ಸೆರೆಯಾದರು. ಸುಮಾರು 98 ಸಾವಿರ ಜನ ಮರಳ ದಂಡೆಯಿಂದ ಹೊರಟರೆ, ಅದರ ಎರಡರಷ್ಟಕ್ಕೂ ಹೆಚ್ಚು ಜನ ಬಂದರಿನ ಕಟ್ಟೆಯಿಂದಲೇ ದೊಡ್ಡ ಹಡಗು ಹತ್ತಿದರು. ಪುಟ್ಟ ದೋಣಿಗಳು ಎಲ್ಲರನ್ನೂ ಕಾಪಾಡಿದವು ಎಂಬ ಮಾತು ಪೂರ್ತಿ ಸರಿಯಲ್ಲ. ಪ್ರಧಾನಿ ಚರ್ಚಿಲ್ ಆಗಲೇ ಸಂಸತ್ತಿನಲ್ಲಿ, ತೆರವು ಮಾಡಿ ಯಾರೂ ಯುದ್ಧ ಗೆಲ್ಲುವುದಿಲ್ಲ ಎಂದು ಎಚ್ಚರಿಸಿದ್ದರು. ಈ ಲೆಕ್ಕವೆಲ್ಲ ದೋಣಿಯವರಿಗೆ ಗೊತ್ತು. ಮಾಲೀಕರನ್ನು ಕೇಳಿದೆ. ‘ನಮ್ಮ ದೋಣಿ ಎಷ್ಟು ಜನರನ್ನು ತಂದಿತೋ ಅಷ್ಟು ಜನರನ್ನು ತಂದಿತು,’ ಎಂದರು. ಉಜ್ಜುವುದನ್ನು ನಿಲ್ಲಿಸಲಿಲ್ಲ. ಹೇಸರಗತ್ತೆಯವರ ವಿಷಯ ಕೇಳಿದ ಮೇಲೆ ಜಾತ್ರೆಯಲ್ಲಿ ದೋಣಿಯ ಪಕ್ಕ ನಿಲ್ಲಿಸುವ ಬೋರ್ಡಿನಲ್ಲಿ ಅವರ ಬಗ್ಗೆ ಎರಡು ಸಾಲು ಸೇರಿಸಿದರು, ತಾವೇ ಕೈಯಾರೆ ಬರೆದು.

ನವೆಂಬರ್ 11ಕ್ಕೆ ಹತ್ತಿರದ ಭಾನುವಾರ ಅಲ್ಲಿ ಊರೂರಲ್ಲೂ ಸತ್ತ ಸೈನಿಕರ ಕಂಬದ ಬಳಿ ಜನ ಸೇರುತ್ತಾರೆ. ಎದೆಗೆ ಕೆಂಪು ಕಾಗದದ ಹೂವು, ಎರಡು ನಿಮಿಷ ಮೌನ. ಆ ಹೊತ್ತಿಗೆ ದೋಣಿಗಳೆಲ್ಲ ಟಾರ್ಪಾಲು ಹೊದ್ದು ದಡದಲ್ಲಿರುತ್ತವೆ. ಮೌನ ಮುಗಿದ ಮೇಲೆ ನಮ್ಮವರು ಅಂಗಳಕ್ಕೆ ಬಂದು, ಟಾರ್ಪಾಲಿನ ಹಗ್ಗ ಬಿಗಿಯಾಗಿದೆಯೇ ನೋಡಿ, ಒಂದು ಲೋಟ ಚಹಾ ಕುಡಿದು ಹೋಗುತ್ತಾರೆ.

ಡಂಕರ್ಕಿನಿಂದ ಬಂದ ಸೈನಿಕರನ್ನು ಹಿಂದೆಲ್ಲ ಇದೇ ದೋಣಿಗಳಲ್ಲಿ ಕೂರಿಸಿ ನದಿಯಲ್ಲಿ ಸುತ್ತಾಡಿಸುತ್ತಿದ್ದರು. ಈಗ ಕೂರಿಸಲು ಹೆಚ್ಚು ಜನ ಉಳಿದಿಲ್ಲ. ಮಾಲೀಕರಿಗೂ 79 ಆಯಿತು. ಮಗನಿಗೆ ದೋಣಿ ಬೇಡ, ಅವನಿಗೆ ಖರ್ಚಿನ ಭಯ. ಆ ಭಯ ಸುಳ್ಳೇನಲ್ಲ. ಮೊಮ್ಮಗಳು ಹದಿನಾರರವಳು, ಕಳೆದ ಚಳಿಗಾಲದಲ್ಲಿ ಹತ್ತಿ ಬಡಿಯುವುದನ್ನು ಕಲಿತಳು. ಎಡಗೈಯವಳಾದ್ದರಿಂದ ಅವಳು ಬಡಿದ ಸಂದಿ ಯಾವುದೆಂದು ನೋಡಿದರೇ ತಿಳಿಯುತ್ತದೆ. ಈ ವಸಂತದಲ್ಲಿ ನೀರಿಗಿಳಿಸಿದಾಗ ಆ ಸಂದಿ ಎರಡು ರಾತ್ರಿ ಸೋರಿತು. ಮೂರನೆಯ ರಾತ್ರಿ ನಾನು ಪಂಪು ನಿಲ್ಲಿಸಿ ಮನೆಗೆ ಹೋದೆ.