ಖಾಲಿ ಸೈಟಿನ ಕಸ, ಬೀದಿಗೆ ಬಂದ ಚಿರತೆ



2023ರ ನವೆಂಬರ್ 1, ಕನ್ನಡ ರಾಜ್ಯೋತ್ಸವ. ಅಂದೇ ಬೆಂಗಳೂರಿನ ಕೂಡ್ಲು ಬಳಿ ಜನವಸತಿಗೆ ಬಂದಿದ್ದ ಚಿರತೆಯೊಂದು, ಸೆರೆ ಹಿಡಿಯುವ ಕಾರ್ಯಾಚರಣೆಯಲ್ಲಿ ಗುಂಡೇಟು ತಿಂದು ಸತ್ತಿತು.

ಕಾಡುಪ್ರಾಣಿ ಊರಿಗೆ ನುಗ್ಗಿತು ಅನ್ನುತ್ತೇವೆ. ಆದರೆ ಬನ್ನೇರುಘಟ್ಟ ಕಾಡಿನ ಅಂಚಿಗೇ ಬಡಾವಣೆಗಳು ಎದ್ದಿವೆ. ಅಲ್ಲಿನ ಯಾವುದಾದರೂ ಖಾಲಿ ಸೈಟು ನೋಡಿ: ಗಂಟು ಕಟ್ಟಿ ಎಸೆದ ಪ್ಲಾಸ್ಟಿಕ್ ಚೀಲ, ಒಳಗೆ ಹಳಸಿದ ಅನ್ನ, ಕೋಳಿ ಮೂಳೆ. ಚೀಲ ಹರಿಯಲು ಬೀದಿನಾಯಿ ಬರುತ್ತದೆ. ನಾಯಿಯ ಜಾಡು ಹಿಡಿದು ಚಿರತೆ ಬರುತ್ತದೆ. ಅದಕ್ಕೆ ಜಿಂಕೆಯೇ ಬೇಕೆಂದಿಲ್ಲ, ನಾಯಿಯೂ ಆದೀತು.

ನಮ್ಮ ನಡುವೆ ಇರುವ ಕಾಡುಜೀವಿಗಳೆಲ್ಲ ಅಪಾಯಕಾರಿಯೂ ಅಲ್ಲ. ಅಗಲ ಕಣ್ಣಿನ ಕಾಡುಪಾಪ ಬೆಂಗಳೂರಿನ ಹಳೆಯ ಮರಗಳಲ್ಲಿ ಇವತ್ತಿಗೂ ಇದೆ. ರಾತ್ರಿ ಕೊಂಬೆಯಿಂದ ಕೊಂಬೆಗೆ ನಿಧಾನವಾಗಿ ದಾಟುತ್ತ ಹುಳುಹುಪ್ಪಟೆ ತಿನ್ನುತ್ತದೆ. ಕೋತಿಯಂತೆ ನೆಗೆಯಲು ಅದಕ್ಕೆ ಬಾರದು. ಕೊಂಬೆ ಕಡಿದರೆ ದಾರಿಯೇ ತಪ್ಪಿತು.

ಬೋನು, ಬಂದೂಕು ಕೊನೆಯ ಮಾತು. ಮೊದಲು ಹಸಿ ಕಸವನ್ನು ಗಾಡಿಗೇ ಕೊಡೋಣ. ಕೂಡಿಕೊಂಡ ಕೊಂಬೆಗಳನ್ನು ಸುಮ್ಮನೆ ಕಡಿಸದಿರೋಣ. ಚಿರತೆ ಕಂಡರೆ ಗುಂಪು ಸೇರಿ ಮೊಬೈಲ್ ಎತ್ತದೆ, ಬಾಗಿಲು ಹಾಕಿಕೊಂಡು ಅರಣ್ಯ ಇಲಾಖೆಗೆ ತಿಳಿಸೋಣ. ಇಷ್ಟು ಮಾಡಿದರೆ ಅವಕ್ಕೂ ಕ್ಷೇಮ, ನಮಗೂ ಕ್ಷೇಮ.